ಸೊಫ್ರೊನಿ ಬರೆದ ಹಾಳೆಗಳು

ಆ ಚಳಿಗಾಲ ಪ್ರೆಸ್ಲಾವಿನ ಮಠದಲ್ಲಿ ಬರೆಯಲು ಚರ್ಮದ ಹಾಳೆಯೇ ಇರಲಿಲ್ಲ. ಕುರಿಗಳೆಲ್ಲ ರೋಗ ಬಂದು ಸತ್ತಿದ್ದವು. ಅರಮನೆಗೋ ಈಸ್ಟರ್ ಹಬ್ಬದೊಳಗೆ ಹೊಸದಾಗಿ ಬಂದ ಅಕ್ಷರದಲ್ಲಿ ಬರೆದ ಸುವಾರ್ತೆಯ ಪುಸ್ತಕ ಬೇಕಿತ್ತು.

"ಹಳೇ ಅಕ್ಷರ ಓದೋರು ಯಾರಿದ್ದಾರೆ? ಕೆರೆದು ಇದರ ಮೇಲೇ ಬರಿ," ಎಂದು ಮಠದ ಹಿರಿಯರು ಲಿಪಿಕಾರ ಗೆರಾಸಿಮನ ಕೈಗೆ ಒಂದು ಪುಸ್ತಕ ಕೊಟ್ಟರು. ನೋಡಿದರೆ ಅದು ಅವನ ಗುರು ಸೊಫ್ರೊನಿ ಬರೆದದ್ದು. ಅವನ ಕೈಬರಹವೆಂದು ಉಳಿದಿದ್ದೂ ಅದೊಂದೇ. ಹಿರಿಯರಿಗೆ ಎದುರಾಡುವ ಧೈರ್ಯ ಗೆರಾಸಿಮನಿಗೆಲ್ಲಿತ್ತು?

ಸೊಫ್ರೊನಿ ಇನ್ನೂ ಬದುಕಿದ್ದ, ಕಣ್ಣು ಹೋಗಿ ಒಲೆಯ ಪಕ್ಕ ಕೂತಿದ್ದ. ಅನಾಥನಾಗಿ ಬಂದ ಗೆರಾಸಿಮನ ಕೈ ಹಿಡಿದು ತಿದ್ದಿಸಿದವನು ಅವನೇ. ಸಂಜೆ ಆ ಪುಸ್ತಕ ಓದಿಸಿಕೊಳ್ಳುವುದೊಂದೇ ಈಗ ಅವನಿಗಿದ್ದ ಸುಖ.

"ನಿಮ್ಮ ಹೊಸ ಅಕ್ಷರ ಹೆಂಗಿದೆಯೋ?" ಎಂದು ಒಮ್ಮೆ ಮುದುಕ ಕೇಳಿದ.

"ಸ್ವರದ ಪಕ್ಕ ಒಂದು ಕಂಬ ನಿಲ್ಲಿಸಿ, ನಡುವೆ ಅಡ್ಡಗೆರೆ ಎಳೀತೀವಿ ಅಪ್ಪಾ. 'ಅ'ಗೆ ಹಂಗೆ ಮಾಡಿದ್ರೆ 'ಯ' ಆಗುತ್ತೆ."

"ಅಯ್ಯೋ, ಕುಂಟನಿಗೆ ಊರುಗೋಲು ಕೊಟ್ಟಂಗಾಯ್ತಲ್ಲೋ! ನಮ್ಮ ಹಳೇದರಲ್ಲಿ ಅದಕ್ಕೆ ಒಂದೇ ಅಕ್ಷರ ಸಾಕಾಗಿತ್ತು."

ಹಗಲು ಗೆರಾಸಿಮ ಕೆರೆಯುತ್ತಿದ್ದ. ಸಂಜೆ, ಕೆರೆದ ಹಾಳೆಯನ್ನೇ ಹಿಡಿದು ಓದುವವನಂತೆ ಗುರುವಿಗೆ ನೆನಪಿನಿಂದ ಒಪ್ಪಿಸುತ್ತಿದ್ದ.

ಒಂದು ಸಂಜೆ ಮುದುಕ ಕೈಚಾಚಿದ. "ಕೊಡೋ, ಮುಟ್ಟಿ ನೋಡ್ತೀನಿ."

ಕೊಡದೆ ವಿಧಿಯಿರಲಿಲ್ಲ. ಒರಟೆದ್ದ ಚರ್ಮದ ಮೇಲೆ ಬೆರಳು ಒಂದು ಸಲ ಹೋಗಿ ಬಂತು, ಅಲ್ಲೇ ನಿಂತಿತು.

"ಎಷ್ಟು ಹಾಳೆ ಆಯ್ತು?"

"ಹನ್ನೊಂದು..." ಗೆರಾಸಿಮ ಅವನ ಕಾಲು ಹಿಡಿದು ಅತ್ತುಬಿಟ್ಟ. "ತಪ್ಪಾಯ್ತು ಅಪ್ಪಾ. ಹೇಳೋಕೆ ಬಾಯೇ ಬರ್ಲಿಲ್ಲ."

ಮುದುಕ ಹಾಳೆಯ ಮೇಲೆ ಮತ್ತೆ ಬೆರಳಾಡಿಸಿದ.

"ತೂತು ಬೀಳೋ ಹಂಗೆ ಕೆರೆದಿದ್ದೀಯಲ್ಲೋ, ದಡ್ಡ! ನಾನೆಲ್ಲಿ ಒತ್ತಿ ಬರೆದಿದ್ದೆ ಅಂತ ನಿನಗೇನು ಗೊತ್ತು? ಚಾಕು ತಾ."

ಮರುದಿನದಿಂದ ಗೆರಾಸಿಮ ಅವನ ಕೈಯನ್ನು ಸಾಲಿನ ಮೇಲಿಟ್ಟು ಓದುತ್ತಿದ್ದ. ಓದಿದ ಸಾಲನ್ನು ಮುದುಕ ಕೆರೆಯುತ್ತಿದ್ದ. ಮೂರು ವಾರ ಹೀಗೇ ನಡೆಯಿತು. ಕೊನೆಯ ಹಾಳೆಯ ಕೆಳಗೆ ಬಂದಾಗ ಗೆರಾಸಿಮ ಪುಸ್ತಕ ಮುಚ್ಚಿದ.

"ಮುಗೀತು ಅಪ್ಪಾ. ಇನ್ನೇನಿಲ್ಲ."

"ಸುಳ್ಳು ಹೇಳ್ಬೇಡ. ಬರೆದವನು ಹೆಸರು ಹಾಕ್ದೆ ಬಿಡ್ತಾನಾ? ಓದು."

ಗೆರಾಸಿಮ ಪುಸ್ತಕವನ್ನು ಮತ್ತೆ ತೆರೆದು ಓದಿದ. "ಪಾಪಿ ಸೊಫ್ರೊನಿ ಬರೆದೆ. ಓದುವವರು ನನಗಾಗಿ ಪ್ರಾರ್ಥಿಸಿ."

"ಪ್ರಾರ್ಥಿಸು," ಎಂದ ಮುದುಕ.

ಗೆರಾಸಿಮ ಪ್ರಾರ್ಥನೆ ಹೇಳಿ ಮುಗಿಸುವತನಕ ಅವನು ಕಾದ. ಆಮೇಲೆ ಆ ಸಾಲನ್ನೂ ನಿಧಾನವಾಗಿ ಕೆರೆದು, ಪುಡಿ ಊದಿ, ಚಾಕು ಕೆಳಗಿಟ್ಟ.

"ನಿನ್ನ ಹೆಸರು ಇಲ್ಲೇ ಬರಿ," ಎಂದ.