ನೀಲಿ ಜೋಳಿಗೆ

"ಹಂದಿ ತಿಂದ ಕೈ ತೊಳೆಯೋಲ್ಲ, ಕೊಟ್ಟಿಗೆ ಥರ ಮನೆ ಇಟ್ಕೊಳ್ತೀರ, ಆಮೇಲೆ ಮಗೂಗೆ ಫಿಟ್ಸ್ ಬಂತು ಅಂತ ನನ್ನ ಬಾಗಿಲಿಗೆ ಬಂದು ಅಳ್ತೀರ!"

ಬಾಳೆತೋಟದ ಕಂಪನಿ ಡಾಕ್ಟರು ಲೆಸ್ಕಾನೋ ಹೀಗೆ ಕೂಗಾಡುವಾಗ ಎಲೋಡಿಯಾ ಅಳುತ್ತಿರಲಿಲ್ಲ. ನಿಂತಿದ್ದಳು, ಅಷ್ಟೇ. ತೋಳಿನಲ್ಲಿ ಒಂದೂವರೆ ವರ್ಷದ ಮಗಳು ನೆಲ್ವಾ. ಫಿಟ್ಸ್ ಬಿಟ್ಟ ಮೇಲೆ ಬರುವ ಕಲ್ಲಿನಂಥ ನಿದ್ದೆ ಅದಕ್ಕೆ.

"ಜ್ವರ ಇತ್ತಾ?"

"ಇರ್ನಿಲ್ಲ ಬುದ್ಧೀ. ಮೈ ತಣ್ಣಗಿತ್ತು."

"ಇದ್ದಿರುತ್ತೆ, ನಿಂಗೆಲ್ಲಿ ಗೊತ್ತಾಗ್ಬೇಕು. ಸಣ್ಣ ಮಕ್ಕಳಿಗೆ ಜ್ವರ ಏರಿದ್ರೆ ಬರುತ್ತೆ. ತಲೆಗೆ ಏಟು? ಎತ್ತಿ ಹಾಕಿದ್ಯಾ?"

"ಇಲ್ಲ."

"ಹೆತ್ತಿದ್ದೆಲ್ಲಿ, ನಿಮ್ಮ ಗುಡ್ಡದ ಹಳ್ಳೀಲಾ? ಅಲ್ಲೇ ಉಸಿರು ಕಟ್ಟಿರ್ಬೇಕು. ನಿಮ್ಮ ವಂಶದಲ್ಲಿ ಯಾರಿಗಾದ್ರೂ ಇತ್ತಾ? ಗಂಡ ಕುಡೀತಾನಾ?"

"ಕುಡೀತಾನೆ. ಮಗೀಗೆ ಕುಡ್ಸಾಕಿಲ್ಲ."

ಸಾಲಿನಲ್ಲಿ ಹಿಂದೆ ನಿಂತಿದ್ದ ಪಕ್ಕದ ಮನೆಯ ಮುದುಕಿ ತೋಮಾಸಾ ಕಿಸಕ್ಕೆಂದಳು. ಡಾಕ್ಟರ ಮುಖ ಕೆಂಪಾಯಿತು. ಪುಸ್ತಕ ತೆಗೆದು, ಕೇಳಿಸಲೆಂದೇ ಗಟ್ಟಿಯಾಗಿ ಹೇಳಿಕೊಂಡು ಬರೆದರು: "ಕಾರಣ, ತಾಯಿಯ ಅಲಕ್ಷ್ಯ." ಆಮೇಲೆ ಪೆನ್ಸಿಲನ್ನು ಅವಳ ಮುಖಕ್ಕೆ ಹಿಡಿದು, "ಇದು ಮೂರನೇ ಸಲ. ಇನ್ನೊಂದ್ಸಲ ಬಂದ್ರೆ ಸರ್ಕಾರದ ಮಕ್ಕಳ ಮನೆಗೆ ಬರೀತೀನಿ. ಅವರು ಬಂದು ಎತ್ಕೊಂಡು ಹೋಗ್ತಾರೆ. ಅಲ್ಲಾದ್ರೂ ಬದುಕಿಕೊಳ್ಳಲಿ" ಎಂದರು.

ಡಾಕ್ಟರು ಕೇಳಿದ ಒಂದೊಂದು ಪ್ರಶ್ನೆಯೂ ಎಲೋಡಿಯಾಳ ಹಿಂದೆಯೇ ಕೂಲಿ ಲೈನಿನ ಮನೆಗೆ ಬಂದು, ಒಲೆಯ ಪಕ್ಕ ಕೂತಿತು. ನೀರನ್ನು ಎರಡೆರಡು ಸಲ ಕಾಯಿಸಿದಳು. ಹಂದಿಮಾಂಸ ಬಿಟ್ಟಳು. ಗಂಡ ಬೆನೀಸ್ಯೋನ ಚಿಕ್ಕಪ್ಪನೊಬ್ಬ ಹೊಳೆಗೆ ಬಿದ್ದು ಸತ್ತಿದ್ದನಲ್ಲ, ಅವನಿಗೂ ಫಿಟ್ಸ್ ಇತ್ತೇ ಎಂದು ಉಣ್ಣುವವನನ್ನು ಕೆದಕಿ ಕೆದಕಿ ಕೇಳಿ ಜಗಳ ಕಾಯ್ದಳು. ಕೊನೆಗೆ ಬಾಗಿಲನ್ನೇ ಮುಚ್ಚಿಕೊಂಡಳು. ಮಗುವನ್ನು ಯಾರೂ ನೋಡುವಂತಿಲ್ಲ.

ಮೂರನೇ ದಿನ ತೋಮಾಸಾ ಬಾಗಿಲು ಬಡಿದಳು. "ಯಾಕವ್ವಾ ಮುಚ್ಕಂಡಿದೀಯ? ನನ್ ಕಣ್ಣು ಬಿದ್ದಾತು ಅಂತ್ಲಾ?"

"ಹೂಂ, ಅದ್ಕೇಯ. ಮಗು ಗುಂಡ್‌ಗುಂಡ್ಗವ್ಳೆ ಅಂದೋಳು ನೀನೇ ತಾನೆ?"

"ನಿನ್ ಬಾಯಿಗ್ ಮಣ್ಣಾಕ! ನನ್ ಕಣ್ಣಿಗೆ ಅಷ್ಟ್ ಶಕ್ತಿ ಇದ್ದಿದ್ರೆ ನಮ್ ಮೇಸ್ತ್ರಿ ಇಷ್ಟೊತ್ತಿಗೆ ಸತ್ತು ಕೊಳ್ತೋಗಿರ್ಬೇಕಿತ್ತು ಕಣೇ!" ಮುದುಕಿ ತಳ್ಳಿಕೊಂಡೇ ಒಳಗೆ ಬಂದು ಕೂತಳು. "ಹೇಳು. ಗುಡ್ಡದಾಗಿದ್ದಾಗ ಬಂದಿತ್ತಾ?"

"ಇಲ್ಲ. ಅವ್ವ ಸತ್ತಾಗ ಒಂದ್ ತಿಂಗ್ಳು ಅಲ್ಲೇ ಇದ್ವಲ್ಲ, ಒಂದ್ ಕಿತಾನೂ ಬರ್ನಿಲ್ಲ. ಇಲ್ಲಿಗ್ ವಾಪಸ್ ಬಂದ್ ನಾಕ್ ದಿನಕ್ಕೇ ಮತ್ತೆ ಬಂತು."

"ಅಲ್ಲೇನ್ ಉಣ್ಸಿದ್ದೆ?"

"ಇದೇಯ. ಬೇಯ್ಸಿದ ಬಾಳೇಕಾಯಿ, ಕೋಕೋ ಗಂಜಿ."

"ಮಲಗ್ಸಿದ್ದು?"

"ಅವ್ವನ ನಾರಿನ ಜೋಳ್ಗೇಲಿ..."

ಎಲೋಡಿಯಾಳ ಮಾತು ಅಲ್ಲೇ ನಿಂತಿತು. ಇಬ್ಬರೂ ತೊಲೆಯ ಕಡೆ ನೋಡಿದರು.

ತೊಲೆಯಿಂದ ನೀಲಿ ಜೋಳಿಗೆ ತೂಗುತ್ತಿತ್ತು. ಗುಡ್ಡದ ಹೆಂಗಸರು ಕಾಡಿನ ನಾರು ತಂದು, ತೊಡೆಯ ಮೇಲೆ ಹೊಸೆದು ಜೋಳಿಗೆ ಹೆಣೆಯುತ್ತಾರೆ. ಹಣೆಗೆ ಪಟ್ಟಿ ಸಿಕ್ಕಿಸಿದರೆ ಬೆನ್ನ ಮೇಲೆ ಮಗು, ತೊಲೆಗೆ ಕಟ್ಟಿದರೆ ತೊಟ್ಟಿಲು. ಬಾಳೆ ಬಿಟ್ಟರೆ ಬೇರೆ ಗಿಡವಿಲ್ಲದ ತೋಟದಲ್ಲಿ ನಾರೆಲ್ಲಿ? ಬೆನೀಸ್ಯೋನ ಕೆಲಸ ಏಣಿ ಹತ್ತಿ ಗೊನೆಗೊನೆಗೂ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸುವುದು. ಹುಳ ಹತ್ತದಿರಲೆಂದು ಅದಕ್ಕೆ ಔಷಧಿ ಸವರಿರುತ್ತಾರೆ. ಹರಿದವನ್ನು ಅವನು ಮನೆಗೆ ತಂದ. ಎಲೋಡಿಯಾ ಅವನ್ನು ಸೀಳಿ, ಹೊಸೆದು, ಹೆಣೆದಳು. ಎಂಥ ಹೆಣಿಗೆ! ಲೈನಿನ ಹೆಂಗಸರೆಲ್ಲ ಹೊಟ್ಟೆಕಿಚ್ಚುಪಟ್ಟು, ಆಮೇಲೆ ತಾವೂ ಹಾಗೇ ಹೆಣೆದುಕೊಂಡರು. ಹಲ್ಲು ಬರುವಾಗ ನೆಲ್ವಾ ಅದರ ಅಂಚನ್ನೇ ಕಚ್ಚಿ ಕಚ್ಚಿ ಚೀಪುತ್ತಿದ್ದಳು.

ಬೆಳಿಗ್ಗೆ ಚೆಲ್ಲಿದ್ದ ಕೋಕೋ ಗಂಜಿ ಆ ಅಂಚಿನಲ್ಲಿ ಒಣಗಿತ್ತು. ತೊಲೆಯಿಂದ ಇರುವೆಗಳು ಸಾಲುಗಟ್ಟಿ ಹಗ್ಗದುದ್ದಕ್ಕೂ ಇಳಿದು ಬರುತ್ತಿದ್ದವು. ನೀಲಿ ಶುರುವಾಗುವಲ್ಲಿಗೆ ಬಂದು, ಮೀಸೆ ಆಡಿಸಿ, ಹಿಂದಿರುಗುತ್ತಿದ್ದವು. ಒಂದಾದರೂ ಮುಂದಕ್ಕೆ ಕಾಲಿಡಲಿಲ್ಲ. ಸಕ್ಕರೆಯ ವಾಸನೆಗೆ ಮುಗಿಬೀಳುವ ಇರುವೆಗಳು.

ತೋಮಾಸಾ ಮೊಮ್ಮಗನನ್ನು ಹೊರುವ ತನ್ನ ಖಾಲಿ ನೀಲಿ ಜೋಳಿಗೆಯನ್ನು ಹಣೆಯಿಂದ ಮೆಲ್ಲಗೆ ತೆಗೆದು ನೆಲದ ಮೇಲಿಟ್ಟು, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಎಲೋಡಿಯಾ ಮಗುವನ್ನು ಹಳೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಡಾಕ್ಟರ ಕೋಣೆಗೆ ಬಂದಳು. ಡಾಕ್ಟರು ಕಾಫಿ ಕುಡಿಯುತ್ತಿದ್ದರು.

"ಮತ್ತೆ ಬಂತಾ?"

"ಇಲ್ಲ ಬುದ್ಧೀ. ನೀವು ಎಲ್ಲಾ ಕೇಳಿದ್ರಿ. ಮಗು ಎಲ್ಲಿ ಮಲಗ್ತದೆ ಅಂತ ಕೇಳ್ನಿಲ್ಲ." ಜೋಳಿಗೆಯನ್ನು ಮೇಜಿನ ಮೇಲಿಟ್ಟಳು. "ಇದ್ರಾಗೆ. ಹತ್ತು ತಿಂಗ್ಳು. ಇದ್ರ ಔಷ್ದಿಯಿಂದ್ಲೇ ಅಂತ ಬರೀರಿ."

"ಅದು ಹುಳಕ್ಕೆ ಹಚ್ಚಿರೋದು ಕಣೇ, ಮನುಷ್ಯರಿಗೆ ಏನೂ ಆಗಲ್ಲ."

ಹಾಗೆನ್ನುತ್ತಲೇ ಅವರು ಕಾಫಿ ಲೋಟವನ್ನು ಪಕ್ಕಕ್ಕೆ ಎಳೆದುಕೊಂಡರು. ಎದ್ದು ನಿಂತರು. ಪೆನ್ಸಿಲಿನ ತುದಿಯಿಂದ ಜೋಳಿಗೆಯನ್ನು ಮೇಜಿನಂಚಿಗೆ ನೂಕಿದರು. ಆಮೇಲೆ ಆ ಪೆನ್ಸಿಲನ್ನು ಕಸದ ಬುಟ್ಟಿಗೆ ಹಾಕಿದರು.

ಎಲೋಡಿಯಾ ಪೆನ್ಸಿಲನ್ನೇ ನೋಡಿದಳು. ಅರ್ಧವೂ ಸವೆದಿರಲಿಲ್ಲ.

"ತೆಗಿಯೇ ಅದನ್ನ, ಮೂಳಿ!"

ತೆಗೆದಳು. ತೆಗೆದು, ಮೇಜು ಸುತ್ತಿ ಹೋಗಿ, ಅವರ ಮೆತ್ತೆ ಕುರ್ಚಿಯ ಮೇಲೆ ಅಚ್ಚುಕಟ್ಟಾಗಿ ಹಾಸಿದಳು.

"ಕೂತ್ಕಳಿ. ನನ್ ಮಗ್ಳು ಹತ್ತು ತಿಂಗ್ಳು ಮಲಗವ್ಳೆ, ನೀವು ಒಂದ್ ಗಳಿಗೆ ಕೂತ್ಕಳಿ. ಕೂತ್ಕಂಡು ಬರೀರಿ ನನ್ ಅಲಕ್ಷ್ಯಾನ."

ಹೊರಗೆ ಕಾಯುತ್ತಿದ್ದ ತೋಮಾಸಾ ಒಳಗೆ ಬಂದು ರೋಗಿಗಳ ಮಂಚದ ಮೇಲೆ ತನ್ನದನ್ನು ಹಾಸಿದಳು. ಅವಳ ಹಿಂದೆ ಲೈನಿನ ಮತ್ತೊಬ್ಬಳು, ಬೆಂಚಿನ ಮೇಲೆ. ಇನ್ನೊಬ್ಬಳು ಹೊಸ್ತಿಲಿಗೆ.

ಡಾಕ್ಟರು ಕಿಟಕಿಯಿಂದ ಕಿರುಚಿದರು. ಮೇಸ್ತ್ರಿ ಓಡಿ ಬಂದ. "ಏನ್ರೇ ಇದು ಬೋಸುಡೀರಾ, ಕೆಲ್ಸ ಬೇಡ್ವೇನ್ರೇ?"

"ಅದನ್ನೆಲ್ಲ ಎತ್ತಿ ಆಚೆ ಹಾಕಯ್ಯಾ!" ಎಂದರು ಡಾಕ್ಟರು.

ಮೇಸ್ತ್ರಿ ಹೊಸ್ತಿಲಿನ ನೀಲಿಯನ್ನು ನೋಡಿದ. ಗೋಡೆಗೊತ್ತಿ ನಿಂತ ಡಾಕ್ಟರನ್ನು ನೋಡಿದ. ತನ್ನ ಎರಡು ಕೈಗಳನ್ನು ನೋಡಿಕೊಂಡು, ಜೇಬಿಗೆ ಹಾಕಿಕೊಂಡ.

ಪ್ಯಾಕಿಂಗ್ ಶೆಡ್ಡಿನ ಸೈರನ್ ಕೆಲಸಕ್ಕೆ ಕೂಗಿತು. ಯಾರೂ ಕದಲಲಿಲ್ಲ. ಸದ್ದಿಗೆ ನೆಲ್ವಾ ಎಚ್ಚರಗೊಂಡು, ಅಮ್ಮನ ಭುಜದ ಮೇಲಿಂದ ಇಣುಕಿ, ಕುರ್ಚಿಯ ಮೇಲೆ ತನ್ನ ತೊಟ್ಟಿಲನ್ನು ಕಂಡಳು. ಗುರುತು ಹಿಡಿದು ನಕ್ಕಳು. ಬಾಯಿ ತೆರೆದು, ಅದರ ಕಡೆ ಎರಡೂ ಕೈ ಚಾಚಿದಳು.