ವಸಡು ನಿಂತ ಜಾಗ

"ಮಗಳದ್ದು ಬಿಡಿ, ನನಗೆ ನಿಮ್ಮದೇ ಯೋಚನೆ," ಎಂದು ಡಾಕ್ಟರ್ ಪದ್ಮಶ್ರೀ ಪುಟ್ಟ ಕನ್ನಡಿಯನ್ನು ಬಾಯಿಂದ ಹೊರತೆಗೆದಾಗ ಪವಿತ್ರಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ತಾಯಿ ಮಗಳಿಬ್ಬರೂ ಕೆ.ಆರ್. ನಗರದ ಈ ಕ್ಲಿನಿಕ್ಕಿನಲ್ಲಿ ಕೆಲವು ತಿಂಗಳ ಹಿಂದೆ ಒಂದೇ ದಿನ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದರು. ಹದಿಮೂರರ ಮಾನಸಳ ವಸಡು ತಂತಿಯ ಸುತ್ತ ಕೆಂಪಗೆ ಊದಿಕೊಂಡಿತ್ತು. ಮೂವತ್ತೇಳರ ಪವಿತ್ರಳದ್ದು ಊದಿರಲೂ ಇಲ್ಲ, ರಕ್ತ ಬಂದಿರಲೂ ಇಲ್ಲ. ಆ ಜಂಬದಲ್ಲೇ ಅವಳು ಗಾವಡಗೆರೆಯಿಂದ ದಾರಿಯುದ್ದಕ್ಕೂ ಮಗಳಿಗೆ ಮಂಗಳಾರತಿ ಮಾಡಿಕೊಂಡು ಬಂದಿದ್ದಳು.

"ಅವಳ ವಯಸ್ಸಿಗೆ ವಸಡು ಬೇಗ ಊದುತ್ತೆ, ಸರಿಯಾಗಿ ಉಜ್ಜಿದರೆ ಅಷ್ಟೇ ಬೇಗ ಇಳಿಯುತ್ತೆ. ನಿಮ್ಮದು ಸದ್ದಿಲ್ಲದೆ ಜಾರಿದೆ. ನೋಡಿ, ಕೆಳಗಿನ ಈ ಹಲ್ಲಿನ ಬೇರು ಕಾಣ್ತಿದೆ. ನಮ್ಮ ವಯಸ್ಸಲ್ಲಿ ಜಾರಿದ ವಸಡು ತಾನಾಗಿ ಮೇಲೆ ಬರಲ್ಲ. ಯಾವುದರಲ್ಲಿ ಉಜ್ತೀರಿ?"

ಪವಿತ್ರ ತಲೆ ತಗ್ಗಿಸಿದಳು. ಮೊಮ್ಮಗಳ ವಸಡು ಊದಿದ್ದು ಕಂಡು ಅತ್ತೆ ಕುಳ್ಳಮ್ಮ ಒಲೆಯ ಇದ್ದಿಲಿಗೆ ಕಲ್ಲುಪ್ಪು ಸೇರಿಸಿ ಕುಟ್ಟಿ ಕೊಟ್ಟಿದ್ದಳು. ಮಾನಸ ಅದನ್ನು ಮೂಸಿಯೂ ನೋಡಲಿಲ್ಲ. ಪವಿತ್ರ ಮಾತ್ರ, ಎಲ್ಲಿ ತನಗೂ ಊದೀತೋ ಎಂಬ ಹೆದರಿಕೆಗೆ, ಬೆಳಿಗ್ಗೆ ಸಂಜೆ ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದಳು.

"ಇದ್ಲು, ಉಪ್ಪು ಮೇಡಂ," ಎಂದಳು. "ಕ್ಲಿಪ್ ತೆಗೆದ್ಬುಡ್ತೀರಾ?"

ಉಬ್ಬುಹಲ್ಲಿನ ನಾಚಿಕೆಗೆ, ಮದುವೆಮನೆಗಳಲ್ಲಿ ಸೋಬಾನೆ ಹಾಡುವಾಗಲೂ ಹೆಂಗಸರ ಬೆನ್ನ ಹಿಂದೆ ಕೂತೇ ದನಿಗೂಡಿಸಿದವಳು ಅವಳು. "ಮಗ್ಳಿಗೆ ಸರಿ, ನಿಂಗ್ಯಾಕವ್ವ ಈ ವಯಸ್ನಲ್ಲಿ ಸಿಂಗಾರ?" ಎಂದು ಕುಳ್ಳಮ್ಮ ಮೂಗು ಮುರಿದರೂ ಜಗ್ಗಿರಲಿಲ್ಲ.

"ಈಗಲೇ ಬೇಡ. ತಂತಿ ಬಿಗಿಮಾಡಿ ಹಲ್ಲನ್ನು ಎಳೆಯೋದನ್ನು ಸದ್ಯಕ್ಕೆ ನಿಲ್ಲಿಸೋಣ. ಮೆತ್ತನೆ ಬ್ರಷ್, ಹಗುರ ಕೈ. ಎರಡು ತಿಂಗಳು ಬಿಟ್ಟು ನೋಡೋಣ. ಇನ್ನೂ ಜಾರಿದರೆ ಮಾತ್ರ ತೆಗೆಯಲೇಬೇಕಾಗುತ್ತೆ."

ಎರಡು ತಿಂಗಳು ಪವಿತ್ರಳ ಜೀವ ಕೈಯಲ್ಲಿತ್ತು. ಮಾನಸಳ ಬಾವು ಹೇಳಹೆಸರಿಲ್ಲದೆ ಇಳಿಯಿತು. ಕ್ಲಿನಿಕ್ಕಿಗೆ ಹೋಗಿಬಂದ ಸಂಜೆಗಳಲ್ಲಿ "ಹಲ್ಲು ಎಳೀತದೆ ಅಮ್ಮ" ಎಂದು ಅವಳು ಗೊಣಗಿದರೆ ಪವಿತ್ರಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನ ತಂತಿ ಮಾತ್ರ ಸುಮ್ಮನೆ ಕೂತಿತ್ತು.

"ನಾನೇ ಕೈಯಾರ ಕೆಡಿಸ್ಬುಟ್ಟೆ ಕಣವ್ವ," ಎಂದು ಕುಳ್ಳಮ್ಮ ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. "ಮೆಲ್ಗೆ ಉಜ್ಜು. ಇನ್ನೂ ಮೆಲ್ಗೆ."

ಕೊನೆಗೂ ಆ ದಿನ ಬಂತು. ಪದ್ಮಶ್ರೀ ಅಳತೆಯ ಕಡ್ಡಿ ಇಟ್ಟು ನೋಡಿದರು, ಹಳೆಯ ಫೋಟೊ ನೋಡಿದರು, ಮತ್ತೆ ಬಾಯಿ ನೋಡಿದರು.

"ಅಲ್ಲೇ ನಿಂತಿದೆ. ಮೇಲೆ ಬಂದಿಲ್ಲ, ಕೆಳಗೂ ಹೋಗಿಲ್ಲ. ಇಷ್ಟು ಸಾಕು. ಇವತ್ತಿಂದ ಸ್ವಲ್ಪ ಸ್ವಲ್ಪವೇ ಎಳೆಯೋಣ. ಮಗಳಿಗಿಂತ ನಿಮಗೆ ಜಾಸ್ತಿ ಕಾಲ ಹಿಡಿಯುತ್ತೆ."

"ಹಿಡೀಲಿ ಬುಡಿ ಮೇಡಂ," ಎಂದಳು ಪವಿತ್ರ.

ಸಂಜೆ ಮೂವರೂ ಉಣ್ಣಲು ಕೂತರು. ಮುದ್ದೆ ನುಂಗುವ ಊಟ, ಹಲ್ಲಿಗೆ ಅದರಲ್ಲಿ ಕೆಲಸವಿಲ್ಲ. ಸಾರಿನೊಳಗಿನ ಅವರೆಕಾಳನ್ನು ಕಚ್ಚಿದೊಡನೆ ಮುಂದಿನ ಹಲ್ಲಿನ ಬುಡದಲ್ಲಿ ಸಣ್ಣಗೆ ಎಳೆತದ ನೋವು ಎದ್ದಿತು. ಪವಿತ್ರಳ ಕೈ ತಟ್ಟೆಯಲ್ಲೇ ನಿಂತಿತು.

ಕುಳ್ಳಮ್ಮ ಗಾಬರಿಯಿಂದ ಸೊಸೆಯ ಮುಖ ನೋಡಿದಳು. "ಯಾಕವ್ವ, ನೋಯ್ತದಾ?"

"ಊಂ ಅತ್ತೆ, ನೋಯ್ತದೆ," ಎಂದು ಪವಿತ್ರ ಸಾರಿನಲ್ಲಿ ಇನ್ನೊಂದು ಕಾಳನ್ನು ಹುಡುಕಿ ಅದೇ ಹಲ್ಲಿಗೆ ಕೊಟ್ಟಳು.