ಮೂಳೆಯ ಬಕೆಟ್ಟು

"ಏ ಮುಂಡೇದೇ, ಮತ್ತೆ ಮೂಳೆ ಹಾಕಿದ್ಯಾ? ನಿನ್ನ ತಲೇಲಿ ಸಗಣಿ ತುಂಬಿದೆಯೇನೇ?"

ಮೃಗಾಲಯದ ಮ್ಯಾನೇಜರು ಬೋನಿನೊಳಗಿಂದ ಕೋಲಿನಲ್ಲಿ ಎಳೆದ ಪಕ್ಕೆಲುಬನ್ನು ನನ್ನ ಕಾಲ ಬುಡಕ್ಕೆ ಎಸೆದ. ಚಿರತೆ ಮರಿ ಬಾಯಿ ಚಪ್ಪರಿಸುತ್ತಾ ಅದನ್ನೇ ನೋಡುತ್ತಿತ್ತು.

"ಹಿಂಗಾಲು ಸೊಟ್ಟ ಆಗ್ತಿದೆ ಸಾರ್. ಬರೀ ಮೆತ್ತನೆ ಮಾಂಸ ತಿಂದ್ರೆ ಮೂಳೆ ಬಲಿಯಲ್ಲ. ಡಾಕ್ಟ್ರೂ ಬರೆದು ಹೋಗಿದ್ರಲ್ಲ?"

"ಡಾಕ್ಟ್ರು ಬಂದು ಟಿಕೆಟ್ ಮಾರ್ತಾರಾ? ಅದು ಕಟಕಟ ಅಂತ ಮೂಳೆ ಕಡೀತಿದ್ರೆ ನೋಡೋಕೆ ಬಂದೋರು ವಾಂತಿ ಮಾಡ್ಕೋತಾರೆ. ತೊಳ್ದು, ರಕ್ತ ಹಿಂಡಿ, ಸಣ್ಣಗೆ ಹೆಚ್ಚಿ ತಟ್ಟೇಲಿಡು. ಮೂಳೆ ನಮ್ಮನೆಗೆ ತಂದ್ಹಾಕು."

ಅವನ ಮನೆಯಲ್ಲಿ ಎರಡು ನಾಯಿಗಳಿವೆ. ದಿನಾ ಬಕೆಟ್ಟು ಹೊತ್ತುಕೊಂಡು ಹೋಗುವವಳು ನಾನೇ. ಹಿತ್ತಿಲ ಬಾಗಿಲಲ್ಲೇ ನಿಲ್ಲಬೇಕು, ಮೆಟ್ಟಿಲು ತುಳಿಯುವಂತಿಲ್ಲ. ನಾಯಿಗಳು ಮಾತ್ರ ಸೋಫಾದಿಂದ ಇಳಿದು ಬರುತ್ತವೆ. ಅವುಗಳ ಕಾಲು ನೋಡಬೇಕು ನೀವು, ಕಂಬ ಇದ್ದ ಹಾಗಿವೆ. ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಮೊದಲು ಪ್ರಾಣಿಗಳಿಗೆ ಆಹಾರ ಹಾಕುತ್ತಿದ್ದವನು ನನ್ನ ಗಂಡ. ಅವನು ಸತ್ತ ಮೇಲೆ ಅವನ ಕತ್ತಿ, ಮರದ ಕೊರಡು, ಮಾಂಸ ಹೆಚ್ಚುವ ಕೋಣೆಯ ಹಿಂದಿನ ಗೂಡಿನಂಥ ಮನೆ ನನ್ನ ಪಾಲಿಗೆ ಬಂದವು. ಮರಿ ಬಂದಾಗ ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ. ಸೀಸೆಯಲ್ಲಿ ಹಾಲು ಕುಡಿಸಿ, ತಾಯಿ ನೆಕ್ಕಿದ ಹಾಗೆ ಒದ್ದೆ ಬಟ್ಟೆಯಲ್ಲಿ ಹೊಟ್ಟೆಯ ಕೆಳಗೆ ಒರೆಸುತ್ತಿದ್ದವಳು ನಾನೇ. ಇಲ್ಲದಿದ್ದರೆ ಅದಕ್ಕೆ ಉಚ್ಚೆಯೂ ಬರುತ್ತಿರಲಿಲ್ಲ. ಇಡೀ ದಿನದಲ್ಲಿ ನನ್ನನ್ನು ಕಂಡು ಎದ್ದು ಬರುವ ಜೀವ ಅದೊಂದೇ. ಉಳಿದವರು ನನ್ನ ಮೈಯ ಮಾಂಸದ ವಾಸನೆಗೆ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಎಷ್ಟೋ ದಿನ ಮನೆಗೆ ಹೋಗಿ ಚಿಲಕ ಹಾಕಿದ ಮೇಲೆ, ಇವತ್ತು ಯಾರ ಹತ್ತಿರವೂ ಮಾತೇ ಆಡಲಿಲ್ಲವಲ್ಲ ಎಂದು ಹೊಳೆಯುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ದೊಡ್ಡ ಮನುಷ್ಯರ ಮನೆಯವರು ಫೋಟೋ ತೆಗೆಸಿಕೊಳ್ಳಲು ಬಂದರು. ಮ್ಯಾನೇಜರು ಮರಿಯನ್ನೆತ್ತಿ ಸ್ಟೂಲಿನ ಮೇಲೆ ಕೂರಿಸಿದ. ಮೊಣಕಾಲೆತ್ತರವೂ ಇಲ್ಲದ ಸ್ಟೂಲು. ಮರಿ ದೂರದಲ್ಲಿ ನನ್ನನ್ನು ಕಂಡಿತು. ಕಂಡದ್ದೇ ಹಾರಿತು.

ಒಣ ಕಡ್ಡಿ ಮುರಿದ ಸದ್ದಾಯಿತು. ನನ್ನ ಹತ್ತಿರ ಬರಲಿಕ್ಕೆ ಹೋಗಿ ಅದು ಕಾಲು ಮುರಿದುಕೊಂಡಿತು.

ಮರಿಯನ್ನು ಬೋನಿಗೆ ಹಾಕಿಸಿ, ಅರ್ಧ ಗಂಟೆಯಲ್ಲಿ ಮ್ಯಾನೇಜರು ಕಾಗದ ಹಿಡಿದು ಬಂದ.

"ಸಹಿ ಹಾಕು. ಸುಮ್ನೆ ಒಂದು ವರದಿ."

ನನಗೆ ಓದಲು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮರಿಯ ಪಾಲಿನ ಮಾಂಸವನ್ನು ನಾನು ಕದ್ದು ತಿಂದೆನಂತೆ, ಅದಕ್ಕೇ ಅದರ ಮೈಯಲ್ಲಿ ಕಸುವಿಲ್ಲವಂತೆ.

"ನಾನು ಕದ್ದಿಲ್ಲ ಸಾರ್."

"ಕದ್ದಿದ್ದೀಯ ಅಂತ ಬರ್ದಿದ್ಮೇಲೆ ಕದ್ದಿದ್ದೀಯ. ಏನು ಮಾಡ್ಕೋತೀಯ? ನಿನಗೆ ಹಿಂದೆ ಮುಂದೆ ಯಾರಿದ್ದಾರೆ?"

ಯಾರೂ ಇಲ್ಲ. ಅದೊಂದು ಮಾತು ಮಾತ್ರ ನಿಜ.

"ಮರಿಗೆ ಏನ್ಮಾಡ್ತೀರಿ?"

"ಕುಂಟು ಚಿರತೇನ ಯಾರು ನೋಡ್ತಾರೆ? ಡಾಕ್ಟ್ರಿಗೆ ಹೇಳಿ ಕಳ್ಸಿದ್ದೀನಿ. ಒಂದು ಸೂಜಿ, ಮುಗೀತು. ಸಹಿ ಹಾಕೇ, ಬೋಸುಡಿ!"

"ಮೂಳೆ ಕೊಟ್ಟು ಬಂದು ಹಾಕ್ತೀನಿ" ಎಂದೆ.

ಬಕೆಟ್ಟು ಎತ್ತಿಕೊಂಡೆ. ಗಂಡನ ಕತ್ತಿಯನ್ನೂ ತೆಗೆದುಕೊಂಡೆ. ಮ್ಯಾನೇಜರ ಮನೆಯ ದಾರಿ ಹಿಡಿಯದೆ ಬೋನಿನೊಳಗೆ ಹೋಗಿ, ಒಳಗಿನಿಂದ ಬೀಗ ಜಡಿದು, ಕೀಲಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡೆ. ಮರಿ ಕಾಲೆಳೆದುಕೊಂಡೇ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟಿತು. ಕತ್ತಿಯ ಹಿಂಬದಿಯಿಂದ ಮೂಳೆ ಜಜ್ಜತೊಡಗಿದೆ.

ಭಾನುವಾರದ ಜನ ಕಂಬಿಗೆ ಮುತ್ತಿಕೊಂಡರು. ಯಾರೂ ವಾಂತಿ ಮಾಡಿಕೊಳ್ಳಲಿಲ್ಲ.

"ಏನಾಯ್ತು ಮರಿಗೆ?" ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು.

"ಇದರ ಪಾಲಿನ ಮೂಳೇನ ಮ್ಯಾನೇಜರ ನಾಯಿ ತಿಂತು ಕಣಕ್ಕಾ!" ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ನನಗೆ ಇಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮ್ಯಾನೇಜರು ಓಡಿಬಂದ. ಕತ್ತಿ ನೋಡಿದ, ಜನರನ್ನು ನೋಡಿದ, ಅವರ ಕೈಯ ಫೋನುಗಳನ್ನು ನೋಡಿದ. ಅವನ ಹಿಂದೆ ಪೆಟ್ಟಿಗೆ ಹಿಡಿದು ಡಾಕ್ಟರು ನಿಂತಿದ್ದ.

"ಅಮ್ಮಾ" ಎಂದ ಮ್ಯಾನೇಜರು, ಬೆಣ್ಣೆಯಂಥ ದನಿಯಲ್ಲಿ. "ಹೊರಗೆ ಬಾಮ್ಮಾ. ಕೂತು ಮಾತಾಡೋಣ."

ಅಂಗೈಯಲ್ಲಿ ಹಿಡಿದ ಮೂಳೆಯ ಪುಡಿಯನ್ನು ಮರಿ ತನ್ನ ಒರಟು ನಾಲಿಗೆಯಿಂದ ನೆಕ್ಕುತ್ತಿತ್ತು. ಬಕೆಟ್ಟಿನಲ್ಲಿ ಇನ್ನೂ ಬೇಕಾದಷ್ಟಿತ್ತು. ನಾನು ಮತ್ತೊಂದು ಪಕ್ಕೆಲುಬನ್ನು ಎತ್ತಿಕೊಂಡೆ.